ಜರ್ಮನ್ ಪರ್ವತ ಪ್ರೇಮಚಿತ್ರಗಳು: ಈ ಮೂರರಲ್ಲಿ ಯಾವುದನ್ನು ಮೊದಲು ನೋಡಬೇಕು?

ಬರ್ಗ್‌ಫಿಲ್ಮ್ ಅಂದರೆ 1920-30ರ ದಶಕಗಳಲ್ಲಿ ಜರ್ಮನಿಯವರು ಆಲ್ಪ್ಸ್ ಹತ್ತಿ ತೆಗೆದ ಚಿತ್ರಗಳು. ಕಥೆ ಹೆಚ್ಚುಕಡಿಮೆ ಒಂದೇ: ಒಬ್ಬ ಹುಡುಗಿ, ಇಬ್ಬರು ಗಂಡಸರು, ಒಂದು ಶಿಖರ. ಅದಕ್ಕೇ ಕಥೆ ಪಕ್ಕಕ್ಕಿಟ್ಟು, ಕಣ್ಣಿಗೆ ಏನು ಸಿಗುತ್ತದೆ ಅಂತ ಮಾತ್ರ ಗಮನಿಸುತ್ತಾ ಮೂರನ್ನು ಒಂದರ ಹಿಂದೊಂದು ನೋಡಿದೆ. ಮೂರರಲ್ಲೂ ನಾಯಕಿ ಲೆನಿ ರೀಫೆನ್‌ಸ್ಟಾಲ್.

ನಿರ್ದೇಶಕ ಆರ್ನಾಲ್ಡ್ ಫಾಂಕ್‌ರ 'ಡೆರ್ ಹೈಲಿಗೆ ಬೆರ್ಗ್' (1926) ಎಲ್ಲಕ್ಕಿಂತ ಆಡಂಬರದ್ದು. ಶುರುವಿನಲ್ಲೇ ಸಮುದ್ರದ ಅಲೆಗಳ ಎದುರು ನೃತ್ಯ. ಇದು ನನಗೆ ಸ್ವಲ್ಪ ಜಾಸ್ತಿ ಅನಿಸಿತು. ಆದರೆ ರಾತ್ರಿ ಪಂಜು ಹಿಡಿದವರು ಸ್ಕೀಯಿಂಗ್ ಮಾಡುತ್ತಾ ಇಳಿಯುವಾಗ ಕತ್ತಲೆ, ಹೊಗೆ, ಹಿಮ ಮೂರೂ ಒಟ್ಟಿಗೆ ಬೆಳಗುತ್ತವಲ್ಲ, ಆ ಜಾಗಕ್ಕೆ ಉಳಿದ ಅತಿಯನ್ನೆಲ್ಲ ಮಾಫಿ ಮಾಡಬಹುದು. ಕನಸಿನ ಹಿಮಮಂದಿರ ಸುಮ್ನೆ ಸೆಟ್ಟು ಅಂತ ಗೊತ್ತಾಗಿಬಿಡುತ್ತದೆ.

'ಪಿಟ್ಸ್ ಪಾಲು' (1929) ಬೇರೆಯೇ ಮಟ್ಟದ್ದು. ಇಲ್ಲಿ ಫಾಂಕ್ ಜೊತೆ ಇನ್ನೊಬ್ಬ ನಿರ್ದೇಶಕ ಜಿ. ಡಬ್ಲ್ಯು. ಪಾಬ್ಸ್ಟ್ ಇದ್ದಾರೆ, ಆದ್ದರಿಂದ ಮುಖಗಳಿಗೂ ಬೆಟ್ಟದಷ್ಟೇ ಬೆಲೆ ಸಿಕ್ಕಿದೆ. ಹಿಮದ ಬಿರುಕಿನೊಳಗೆ ಹಳ್ಳಿಯವರು ಪಂಜು ಹಿಡಿದು ಇಳಿಯುವ ದೃಶ್ಯ ನೋಡಿ: ಕೆಳಗಿಂದ ಬೆಳಕು ಬಿದ್ದು ಹಿಮದ ಗೋಡೆ ಗಾಜಿನಂತೆ ಹೊಳೆಯುತ್ತದೆ, ಮನುಷ್ಯರು ಬರೀ ಕಪ್ಪು ಚುಕ್ಕೆಗಳು. ಅದನ್ನು ನಾನು ಹಿಂದಕ್ಕೆ ಹಾಕಿ ಮತ್ತೆ ನೋಡಿದೆ. ವಿಮಾನ ಹಾರಿಸುವವರು ನಿಜವಾದ ಪೈಲಟ್ ಎರ್ನ್‌ಸ್ಟ್ ಉಡೆಟ್, ಆ ಹಾರಾಟದಲ್ಲಿ ಕಳ್ಳಾಟ ಇಲ್ಲ ಅಂತ ನೋಡಿದರೇ ಗೊತ್ತಾಗುತ್ತದೆ.

'ದಾಸ್ ಬ್ಲಾವೆ ಲಿಖ್ಟ್' (1932) ರೀಫೆನ್‌ಸ್ಟಾಲ್ ತಾನೇ ನಿರ್ದೇಶಿಸಿದ್ದು. ಫಾಂಕ್‌ಗೆ ಹಿಮದ ಬಿಳುಪು ಬೇಕು, ಈಕೆಗೆ ಬೆಳದಿಂಗಳು ಬೇಕು. ರಾತ್ರಿಯ ದೃಶ್ಯಗಳನ್ನು ಹಗಲಲ್ಲೇ ತೆಗೆದಿದ್ದಾರೆ, ಕೆಂಪು ಫಿಲ್ಟರ್ ಹಾಕಿ ಆಕಾಶವನ್ನು ಕಪ್ಪಾಗಿಸಿದ್ದಾರೆ. ಫ್ರೇಮ್ ಒಂದೊಂದೂ ಚೆಂದ. ಆದರೆ ಎಲ್ಲವೂ ಜೋಡಿಸಿಟ್ಟ ಹಾಗಿದೆ, ಚಳಿಯೇ ತಟ್ಟುವುದಿಲ್ಲ. ಉಸಿರಾಡುವುದು ಹಳ್ಳಿಯವರ ಸುಕ್ಕು ಮುಖಗಳು ಮಾತ್ರ, ಅವರು ಸಾರ್ನ್‌ಟಾಲ್ ಕಣಿವೆಯ ನಿಜವಾದ ರೈತರು. ಬರವಣಿಗೆಯಲ್ಲಿ ಕೈಜೋಡಿಸಿದ್ದ ಯಹೂದಿ ಲೇಖಕ ಬೇಲಾ ಬಲಾಜ್ ಅವರ ಹೆಸರನ್ನು ನಾಜಿ ಕಾಲದ ಮರುಬಿಡುಗಡೆಯಲ್ಲಿ ತೆಗೆದುಹಾಕಿದರು. ರೀಫೆನ್‌ಸ್ಟಾಲ್ ಆಮೇಲೆ ಹಿಟ್ಲರನಿಗೆ ಚಿತ್ರ ಮಾಡಿದ್ದೂ ಗೊತ್ತಿದ್ದದ್ದೇ ಅಲ್ವಾ, ಹಾಗಾಗಿ ಈ ಚೆಂದವನ್ನು ನಿರಾಳವಾಗಿ ಸವಿಯುವುದಕ್ಕೆ ನನಗಂತೂ ಆಗಲಿಲ್ಲ.

ನನ್ನ ಆಯ್ಕೆ 'ಪಿಟ್ಸ್ ಪಾಲು', ಎರಡನೇ ಮಾತಿಲ್ಲ. ಆದರೆ ಕತ್ತರಿಸಿ ಧ್ವನಿ ಸೇರಿಸಿದ 1935ರ ಪ್ರತಿಯೂ ಇದೆ. ಅದನ್ನು ಬಿಟ್ಟು 1929ರ ಮೂಕಿಯನ್ನೇ ಹುಡುಕಿ ನೋಡಿ.