ಮ್ಯೂಸಿಕ್ ಪ್ಲೇಯರ್‌ಗೆ ದೊಡ್ಡ ಮೆಮೊರಿ ಕಾರ್ಡ್ ತಗೊಂಡಿದ್ರೆ ಹಾಡು ತುಂಬೋ ಮುಂಚೆ ಇದನ್ನ ಓದಿ

ಪ್ಲೇಯರ್‌ಗೆ ಅಂತ ಆನ್‌ಲೈನಲ್ಲಿ ದೊಡ್ಡ ಸೈಜಿನ ಮೈಕ್ರೋ ಎಸ್‌ಡಿ ಕಾರ್ಡ್ ತರಿಸಿದ್ದೀರಾ, ಹಾಗಿದ್ರೆ ಒಂದು ಹಾಡು ಕೂಡ ಹಾಕೋಕೆ ಮುಂಚೆ ಅದನ್ನ ಪೂರ್ತಿ ಟೆಸ್ಟ್ ಮಾಡಿ. ನನಗೆ ಬಂದಿದ್ದು ಮೇಲೆ 256 ಜಿಬಿ ಅಂತ ಪ್ರಿಂಟ್ ಆಗಿದ್ದ, ಒಳಗೆ ಬರೀ 32 ಜಿಬಿ ಇದ್ದ ನಕಲಿ ಕಾರ್ಡು. ಹಾಡು ಹೋಗಿದ್ದಕ್ಕೆ ಅಷ್ಟೇನೂ ಬೇಜಾರಿಲ್ಲ, ಅವು ಕಂಪ್ಯೂಟರಲ್ಲಿವೆ, ಮತ್ತೆ ಹಾಕ್ಕೋಬೋದು. ಆದ್ರೆ ನಮ್ಮ ಸಂಗೀತದ ಮೇಷ್ಟ್ರು ಪಾಠ ಹೇಳ್ಕೊಟ್ಟಿದ್ದನ್ನ ಅದೇ ಪ್ಲೇಯರಲ್ಲಿ ರೆಕಾರ್ಡ್ ಮಾಡ್ಕೊಳ್ತಿದ್ದೆ, ಅದರಲ್ಲಿ ಸುಮಾರು ಹೋಯ್ತು, ಅದನ್ನ ಎಲ್ಲಿಂದ ತರೋದು ಹೇಳಿ.

ಈ ನಕಲಿ ಕಾರ್ಡುಗಳ ಮೋಸ ಇರೋದು ಕಂಟ್ರೋಲರ್ ಚಿಪ್ಪಲ್ಲಿ, ಅಂದ್ರೆ ಕಾರ್ಡಿನ ಒಳಗೆ ಡೇಟಾ ಬರೆಯೋದು ಓದೋದನ್ನ ನೋಡ್ಕೊಳ್ಳೋ ಚಿಪ್ಪಲ್ಲಿ. ಅದರ ಫರ್ಮ್‌ವೇರ್ (ಚಿಪ್ ಒಳಗೇ ಇರೋ ಸಾಫ್ಟ್‌ವೇರ್) ತಿದ್ದಿ 256 ಜಿಬಿ ಅಂತ ಸುಳ್ಳು ಹೇಳೋ ಹಾಗೆ ಮಾಡಿರ್ತಾರೆ, ಕಂಪ್ಯೂಟರೂ ನಂಬುತ್ತೆ, ಪ್ಲೇಯರೂ ನಂಬುತ್ತೆ. ಪ್ರಾಪರ್ಟೀಸ್ ತೆಗೆದು ನೋಡಿದ್ರೆ ಏನೂ ಗೊತ್ತಾಗಲ್ಲ. ನಿಜವಾದ ಜಾಗ ತುಂಬೋ ತನಕ ಎಲ್ಲ ಚೆನ್ನಾಗೇ ನಡೆಯುತ್ತೆ. ತುಂಬಿದ ಮೇಲೆ ಕೆಲವು ಕಾರ್ಡು ಹೊಸ ಡೇಟಾನ ಸುಮ್ಮನೆ ಬಿಟ್ಟುಬಿಡುತ್ತೆ, ಕೆಲವು ಮತ್ತೆ ಮೊದಲಿಂದ ಶುರು ಮಾಡಿ ಹಳೇದರ ಮೇಲೇ ಬರೀತಾ ಹೋಗುತ್ತೆ, ಸ್ಲೇಟ್ ಒರೆಸದೇ ಅದರ ಮೇಲೇ ಮತ್ತೆ ಬರೆದ ಹಾಗೆ. ನನ್ನದು ಈ ಎರಡನೇ ಜಾತಿ. ಫೈಲ್ ಹೆಸರುಗಳ ಪಟ್ಟಿ ಹೆಚ್ಚಾಗಿ ಇರೋದು ಕಾರ್ಡಿನ ಶುರುವಲ್ಲಿ, ಅದು ಮಾತ್ರ ಕೆಡದ ಹಾಗೆ ಸಾಮಾನ್ಯವಾಗಿ ನೋಡ್ಕೊಂಡಿರ್ತಾರೆ, ಹಾಗಾಗಿ ಫೋಲ್ಡರ್ ತೆಗೆದ್ರೆ ಆಲ್ಬಂ, ಹಾಡಿನ ಹೆಸರು, ಸೈಜು ಎಲ್ಲ ನೆಟ್ಟಗೆ ಕಾಣುತ್ತೆ. ಕಾಪಿ ಆಗುವಾಗ ಒಂದು ಎರರ್ ಕೂಡ ಬರಲ್ಲ.

ನನಗೆ ಮೊದಲು ಕಂಡಿದ್ದು ಲೈಬ್ರರಿ ಅಪ್‌ಡೇಟ್, ಅಂದ್ರೆ ಪ್ಲೇಯರ್ ಕಾರ್ಡಲ್ಲಿರೋ ಹಾಡುಗಳ ಪಟ್ಟಿ ಮಾಡ್ಕೊಳ್ಳೋದು, ಪ್ರತೀ ಸಲ ಒಂದೇ ಜಾಗದಲ್ಲಿ ನಿಂತುಬಿಡ್ತಿದ್ದಿದ್ದು. ಆಮೇಲೆ ಕೆಲವು ಹಾಡು ತಾನಾಗೇ ಸ್ಕಿಪ್ ಆಗೋಕೆ ಶುರುವಾಯ್ತು. ಇಂಥದ್ದಕ್ಕೆ ಎಲ್ಲರೂ ಹೇಳೋದು ಟ್ಯಾಗ್ (ಫೈಲ್ ಒಳಗೆ ಬರೆದಿರೋ ಹಾಡು, ಆಲ್ಬಂ ಹೆಸರು) ಸರಿ ಇಲ್ಲ, ಆಲ್ಬಂ ಆರ್ಟ್ ಸೈಜ್ ಜಾಸ್ತಿ ಆಗಿರ್ಬೇಕು, ಪ್ಲೇಯರ್ ಫರ್ಮ್‌ವೇರ್ ಅಪ್‌ಡೇಟ್ ಮಾಡು ಅಂತ, ಅದೆಲ್ಲ ಮಾಡಿದ್ದೂ ಆಯ್ತು. ಒಂದಿನ ಒಂದು ಎಂಪಿ3 ಹಾಕಿದ್ರೆ ಮೊದಲ ಚರಣ ಮುಗಿಯೋದ್ರೊಳಗೆ ಟಕ್ ಅಂತ ಬೇರೆ ಯಾವುದೋ ಹಾಡಿನ ನಡುಭಾಗ ಬಂತು, ಸ್ಕ್ರೀನ್ ಮೇಲೆ ಮಾತ್ರ ಮೊದಲನೇ ಹಾಡಿನ ಹೆಸರೇ ಇದೆ. ಆಗ ಅನುಮಾನ ಬಂದು ಮೇಷ್ಟ್ರ ರೆಕಾರ್ಡಿಂಗ್ ತೆಗೆದು ನೋಡ್ದೆ. ವೇವ್ ಫೈಲು, ಉದ್ದ ಸರಿಯಾಗೇ ತೋರಿಸ್ತಿದೆ, ಮೊದಲ ಕೆಲವು ನಿಮಿಷ ಅವರ ದನಿ ಸ್ಪಷ್ಟವಾಗಿದೆ, ಒಂದು ಸಾಲನ್ನ ನಿಧಾನವಾಗಿ ಬಿಡಿಸಿ ಹೇಳ್ತಾ ಇದ್ದಾರೆ, ಅರ್ಧಕ್ಕೇ ಕಿವಿ ಕಿತ್ತುಹೋಗೋ ಹಾಗೆ ಸೊರ್ರ್ ಅಂತ ಗದ್ದಲ, ಕೊನೇ ತನಕ ಅದೇ. ನಾನು ಆಮೇಲೆ ತುಂಬಿದ ಫ್ಲಾಕ್ (ಗುಣಮಟ್ಟ ಕಡಿಮೆಯಾಗದ ಹಾಗೆ ಹಾಡು ಇಡೋ ಫೈಲ್ ಬಗೆ) ಆಲ್ಬಂಗಳು ಆ ಜಾಗದ ಮೇಲೆ ಕೂತಿದ್ವು. ಇದೇ ರೆಕಾರ್ಡಿಂಗ್ ಅದಕ್ಕೂ ಮುಂಚೆ ಎಷ್ಟೋ ಸಲ ಕೇಳಿದ್ದೆ, ಚೆನ್ನಾಗೇ ಇತ್ತು. ಡಿಲೀಟ್ ಆದ ಫೈಲಾದ್ರೆ ರಿಕವರಿ ಸಾಫ್ಟ್‌ವೇರಲ್ಲಿ ಸಿಗೋ ಚಾನ್ಸ್ ಇರುತ್ತೆ, ಮೇಲೆ ಬೇರೆ ಡೇಟಾ ಬರೆದುಬಿಟ್ಟಿದ್ರೆ ಯಾವ ಸಾಫ್ಟ್‌ವೇರಿಂದಲೂ ವಾಪಸ್ ಬರಲ್ಲ.

ಮಾರಿದವನಿಗೆ ಬರೆದ್ರೆ ಬಂದ ಉತ್ತರ, ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿ ನೋಡಿ ಅಂತ. ದಯವಿಟ್ಟು ಈ ಮಾತು ನಂಬ್ಬೇಡಿ. ಫಾರ್ಮ್ಯಾಟ್ ಮಾಡಿದ್ರೆ ಕಾರ್ಡ್ ಖಾಲಿ ಆಗುತ್ತೆ, ಖಾಲಿ ಆದ ಮೇಲೆ ಮತ್ತೆ ಮೊದಲ 32 ಜಿಬಿ ತನಕ ಏನೂ ತೊಂದರೆ ಕಾಣಲ್ಲ, ಸರಿ ಹೋಯ್ತು ಅನ್ಕೊಂಡು ಸುಮ್ಮನಾಗ್ತೀವಿ, ಅಷ್ಟರಲ್ಲಿ ರಿಟರ್ನ್ ಮಾಡೋ ಟೈಮ್ ಮುಗಿದಿರುತ್ತೆ. ಲೆಕ್ಕ ಹಾಕಿ ನೋಡಿ, 320 ಕೆಬಿಪಿಎಸ್ ಎಂಪಿ3 ಅಂದ್ರೆ ನಿಮಿಷಕ್ಕೆ 2.4 ಎಂಬಿ, ನಾಲ್ಕು ನಿಮಿಷದ ಹಾಡು ಹತ್ತು ಎಂಬಿ ಹತ್ತಿರ, 32 ಜಿಬಿ ತುಂಬೋಕೆ ಮೂರು ಸಾವಿರಕ್ಕೂ ಜಾಸ್ತಿ ಹಾಡು ಬೇಕು. ಸ್ವಲ್ಪ ಸ್ವಲ್ಪ ಸೇರಿಸ್ತಾ ಹೋಗೋರಿಗೆ ಅಲ್ಲಿಗೆ ತಲುಪೋಕೆ ತಿಂಗಳುಗಟ್ಟಲೆ ಬೇಕು. ಮೋಸ ಮಾಡೋರಿಗೆ ಇದು ಚೆನ್ನಾಗಿ ಗೊತ್ತು, ಗೊತ್ತಿದ್ದೇ ಮಾರೋದು, ಅದಕ್ಕೇ ನನಗೆ ಇನ್ನೂ ಸಿಟ್ಟು.

ಟೆಸ್ಟ್ ಮಾಡೋದು ಕಷ್ಟ ಏನಿಲ್ಲ, ಟೈಮ್ ಹಿಡಿಯುತ್ತೆ ಅಷ್ಟೇ. ವಿಂಡೋಸ್ ಇದ್ರೆ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಅಥವಾ ಮ್ಯಾಕ್ ಇದ್ರೆ ಎಫ್3, ಎರಡೂ ಫ್ರೀ. ಕಾರ್ಡ್ ತುಂಬ ತಾನೇ ಫೈಲ್ ಬರೆದು, ಆಮೇಲೆ ಅದನ್ನೇ ವಾಪಸ್ ಓದಿ ತಾಳೆ ನೋಡುತ್ತೆ. ಎಫ್3ನಲ್ಲಿ ಬರೆಯೋದು ಓದೋದು ಬೇರೆ ಬೇರೆ ಕಮಾಂಡು, ಮಧ್ಯ ಕಾರ್ಡನ್ನ ಎಜೆಕ್ಟ್ ಮಾಡಿ ತೆಗೆದು ಹಾಕಿ. ಸೆಕೆಂಡಿಗೆ 20 ಎಂಬಿ ಬರೆಯೋ ಕಾರ್ಡಾದ್ರೆ 256 ಜಿಬಿ ಬರೆಯೋಕೇ ಮೂರೂವರೆ ಗಂಟೆ, ರಾತ್ರಿ ಹಾಕಿಟ್ಟು ಮಲಗಿ. ಕಾರ್ಡ್ ಖಾಲಿ ಇರುವಾಗಲೇ ಮಾಡ್ಬೇಕು, ಅರ್ಧ ಜಾಗ ಮಾತ್ರ ಟೆಸ್ಟ್ ಮಾಡಿದ್ರೆ ಉಪಯೋಗ ಇಲ್ಲ. ಹಾಡು ಕಾಪಿ ಮಾಡಿದ ತಕ್ಷಣ ಕಂಪ್ಯೂಟರಲ್ಲೇ ಪ್ಲೇ ಮಾಡಿ ನೋಡಿದ್ದನ್ನೂ ಟೆಸ್ಟ್ ಅನ್ಕೋಬೇಡಿ, ಎಷ್ಟೋ ಸಲ ಆಗ ಓದೋದು ಕಾರ್ಡಿಂದ ಅಲ್ಲ, ಕಂಪ್ಯೂಟರ್ ಮೆಮೊರೀಲಿ ಉಳಿದಿರೋದನ್ನ. ಹಾಂ, 256 ಜಿಬಿ ಕಾರ್ಡನ್ನ ವಿಂಡೋಸ್ 238 ಜಿಬಿ ಅಂತ ತೋರಿಸಿದ್ರೆ ಹೆದರ್ಬೇಡಿ, ಅದು ಲೆಕ್ಕ ಹಾಕೋ ರೀತಿಯ ವ್ಯತ್ಯಾಸ, ಮೋಸ ಅಲ್ಲ.

ಈಗಾಗ್ಲೇ ಅಂಥ ಕಾರ್ಡಲ್ಲಿ ಹಾಡು ತುಂಬಿಬಿಟ್ಟಿದ್ರೆ ಮೊದಲು ಅದಕ್ಕೆ ಇನ್ನೇನೂ ಬರೀಬೇಡಿ, ಪ್ಲೇಯರಲ್ಲಿ ರೆಕಾರ್ಡಿಂಗ್ ಕೂಡ ಬೇಡ. ಇರೋದನ್ನೆಲ್ಲ ಕಂಪ್ಯೂಟರಿಗೆ ಎಳ್ಕೊಳ್ಳಿ. ಫ್ಲಾಕ್ ಫೈಲಾದ್ರೆ ಒಳಗೇ ಸಾಮಾನ್ಯವಾಗಿ ಎಂಡಿ5 ಚೆಕ್‌ಸಮ್ (ಡೇಟಾ ಬದಲಾಗಿದ್ಯಾ ಅಂತ ತಾಳೆ ನೋಡೋಕೆ ಇಟ್ಟಿರೋ ಸಂಖ್ಯೆ) ಇರುತ್ತೆ, ಫ್ಲಾಕ್ ಪ್ರೋಗ್ರಾಮಿನ ಟೆಸ್ಟ್ ಆಪ್ಷನ್ ಕೊಟ್ರೆ ಯಾವುದು ಕೆಟ್ಟಿದೆ ಅಂತ ಅದೇ ಹೇಳುತ್ತೆ. ಎಂಪಿ3, ವೇವ್‌ಗೆ ಆ ಅನುಕೂಲ ಇಲ್ಲ, ಒರಿಜಿನಲ್ ಇದ್ರೆ ಹೋಲಿಸಿ ನೋಡಿ, ಇಲ್ದಿದ್ರೆ ಕೂತು ಕೇಳ್ಬೇಕು, ಮೊದಲ ಹತ್ತು ಸೆಕೆಂಡ್ ಕೇಳಿ ಮುಂದಕ್ಕೆ ಹೋಗ್ಬೇಡಿ, ನಡುವೆ, ಕೊನೇಲಿ ಕೂಡ ಕೇಳಿ. ನಿಜವಾದ ಸೈಜಿಗೆ ಪಾರ್ಟಿಷನ್ ಮಾಡ್ಕೊಂಡು, ಅಂದ್ರೆ ನಿಜವಾಗಿ ಇರೋ ಜಾಗ ಮಾತ್ರ ಬಳಕೆಗೆ ಸಿಗೋ ಹಾಗೆ ಮಾಡಿ, ಅದೇ ಕಾರ್ಡ್ ಬಳಸ್ಬೋದು ಅಂತ ಕೆಲವರು ಹೇಳ್ತಾರೆ, ಎಫ್3 ಜೊತೆ ಅದಕ್ಕೂ ಟೂಲ್ ಇದೆ, ಆದ್ರೆ ಸೈಜಲ್ಲೇ ಸುಳ್ಳು ಹೇಳಿದವರು ಒಳಗೆ ಒಳ್ಳೇ ಚಿಪ್ ಹಾಕಿರ್ತಾರೆ ಅನ್ನೋ ನಂಬಿಕೆ ನನಗಂತೂ ಇಲ್ಲ. ಟೆಸ್ಟ್ ರಿಸಲ್ಟಿನ ಸ್ಕ್ರೀನ್‌ಶಾಟ್ ಇಟ್ಕೊಂಡು ರಿಟರ್ನ್ ಕೇಳಿ, ಕೊಡಲ್ಲ ಅಂದ್ರೆ ಕಾರ್ಡ್ ಮುರಿದುಹಾಕಿ, ಬೇರೆಯವರ ಕೈಗೆ ಹೋಗೋದು ಬೇಡ.

ರೆಕಾರ್ಡಿಂಗ್ ಮಾಡೋರು ಸೆಟ್ಟಿಂಗ್ಸಲ್ಲಿ ಸೇವ್ ಆಗೋ ಜಾಗ ಕಾರ್ಡ್ ಅಂತ ಇದ್ರೆ ಇವತ್ತೇ ಇಂಟರ್ನಲ್ ಮೆಮೊರಿಗೆ ಬದಲಾಯಿಸ್ಕೊಳ್ಳಿ, ರೆಕಾರ್ಡ್ ಮಾಡಿದ ದಿನವೇ ಕಂಪ್ಯೂಟರಿಗೆ ಒಂದು ಕಾಪಿ ಹಾಕಿ.