ಹೊಸ ಬಣ್ಣ ಹೊಡೆದ ಹಳೇ ರಿವಾಲ್ವರ್ ಕೊಂಡು ಮೋಸ ಹೋದೆ, ನೀವು ಹೋಗಬೇಡಿ

ಮೂಡಿಗೆರೆ, ಸಕಲೇಶಪುರ ಕಡೆಯ ತೋಟದವರು ಯಾರಾದರೂ ಹಳೇ ರಿವಾಲ್ವರ್ ನೋಡುತ್ತಿದ್ದರೆ ಮೊದಲು ಇದನ್ನು ಓದಿ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತಿದೆ, ಆದರೂ ಹೇಳುತ್ತೇನೆ.

ಮನೆಯಲ್ಲಿ ಒಂದು ತೋಟದ ಕೋವಿ ಇದೆ. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಬಂದೂಕು ಅಲ್ವಾ, ಆ ಎರಡನೇ ಜಾಗಕ್ಕೆ ಇದನ್ನು ತಂದು ಕೂರಿಸಿಕೊಂಡೆ. ಇಂಗ್ಲೆಂಡಿನ ವೆಬ್ಲಿ ಕಂಪನಿಯದು, .32 ಅಳತೆಯ ಗುಂಡು, ಆರು ಗುಂಡಿನದು, 3 ಇಂಚಿನ ಗಿಡ್ಡ ನಳಿಗೆ. ಆಮದು ನಿಂತು ಎಷ್ಟೋ ವರ್ಷ ಆಗಿರೋದರಿಂದ ಇಂಗ್ಲೆಂಡ್ ಮಾಲು ಅಂದರೆ ಬೆಲೆ ಜಾಸ್ತಿ. ಕೊಟ್ಟವರು ನಮ್ಮ ಮಾವನವರಿಗೆ ಬೇಕಾದವರು. ಎಣ್ಣೆ ಹಚ್ಚಿ, ಹೊಸ ಕಪ್ಪು ಬಣ್ಣ ಕೂರಿಸಿ ಮಿರಮಿರ ಮಿಂಚಿಸಿದ್ದರು. "ಒಂದು ಈಡು ಹೊಡೆದು ನೋಡಲಾ?" ಅಂದೆ. "ಏನ್ ಗೌಡ್ರೇ, ನಮ್ಮ ಮೇಲೆ ಅಷ್ಟೂ ನಂಬಿಕೆ ಇಲ್ವಾ?" ಅಂದರು. ನಾನು ಸುಮ್ಮನಾದೆ. ಆ ಒಂದು ಮಾತಿಗೆ ಸುಮ್ಮನಾದೆ ನೋಡಿ, ಅದೇ ಈಗಲೂ ಹೊಟ್ಟೆ ಉರಿಸುತ್ತಿದೆ.

ರೇಂಜ್‌ನಲ್ಲಿ ಮೊದಲ ಎರಡು ಈಡು ಸರಿಯಾಗೇ ಹೋದವು. ಮೂರನೆಯದಕ್ಕೆ ಪಕ್ಕದಲ್ಲಿ ನಿಂತಿದ್ದ ತಮ್ಮನ ಕೆನ್ನೆಗೆ ಚುರ್ ಅಂತ ಏನೋ ಬಡಿದು ರಕ್ತ ಬಂತು. ಸೀಸದ ಚೂರು! ಕನ್ನಡಕ ಇತ್ತು, ಇಲ್ಲದಿದ್ದರೆ ಕಣ್ಣಿನ ಗತಿ ಏನಾಗುತ್ತಿತ್ತೋ. ರಿಪೇರಿಯವರು ನೋಡಿದ ಕೂಡಲೇ ಹೇಳಿದರು, ಗುಂಡು ತುಂಬುವ, ತಿರುಗೋ ಸಿಲಿಂಡರ್ ಸವೆದು ಅಲ್ಲಾಡುತ್ತಿದೆ, ಅದರಲ್ಲಿ ಗುಂಡು ಕೂರುವ ಮನೆ ನಳಿಗೆಗೆ ನೇರ ನಿಲ್ಲುತ್ತಿಲ್ಲ, ಅದಕ್ಕೇ ಗುಂಡು ಅಂಚಿಗೆ ಕೆರೆದು ಸೀಸ ಪಕ್ಕಕ್ಕೆ ಸಿಡಿಯುತ್ತಿದೆ. ಇನ್ನೂ ಭಯದ ವಿಷಯ, ಗುಂಡಿಗೆ ಏಟು ಕೊಡೋ ಹ್ಯಾಮರ್ ಎತ್ತಿಟ್ಟು ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿದರೆ ಟ್ರಿಗರ್ ಮುಟ್ಟದೆಯೇ ಬೀಳುತ್ತಿತ್ತು.

ಮಾರಿದವರಿಗೆ ಫೋನ್ ಮಾಡಿದೆ. "ಗುಂಡು ಹಳೇದಿರಬೇಕು" ಅಂದರು. ಹೊಸ ಡಬ್ಬಿ ಒಡೆದದ್ದು ಅಂದೆ. "ಎಲೆಕ್ಷನ್‌ನಲ್ಲಿ ಸ್ಟೇಷನ್‌ಗೆ ಕೊಟ್ಟಿದ್ವಿ, ವಾಪಸ್ ಬಂದಾಗಿನಿಂದ ಸ್ವಲ್ಪ ಹಂಗೇ" ಅಂದರು. ಅಂದರೆ ಗೊತ್ತಿತ್ತು! ಗೊತ್ತಿದ್ದೇ ಕೊಟ್ಟರು! ವಾಪಸ್ ತಗೊಳ್ಳಿ ಅಂದರೆ "ನಿಮ್ಮ ಲೈಸೆನ್ಸ್‌ಗೆ ಏರಿ ಆಯ್ತಲ್ಲ, ಇನ್ನು ಅದು ನಿಮ್ದು" ಅಂದು ಇಟ್ಟುಬಿಟ್ಟರು. ಆಮೇಲೆ ಫೋನೇ ಎತ್ತಿಲ್ಲ. ಸುಮ್ನೆ ಹೋಗಿ ಅವರ ಜಗಲಿ ಮೇಲೆ ಇಟ್ಟು ಬರೋಕೂ ಆಗಲ್ಲ, ವಾಪಸ್ ಕೊಡೋದಿದ್ದರೂ ಡಿಸಿ ಆಫೀಸಿಗೋ ಸ್ಟೇಷನ್ನಿಗೋ ಬರೆದು ಕೊಟ್ಟು ಮತ್ತೆ 45 ದಿನ ಕಾಯಬೇಕು.

ಬಣ್ಣ ನೋಡಬೇಡಿ. ಖಾಲಿ ಮಾಡಿಸಿ, ಆರೂ ಮನೆ ನೀವೇ ಕಣ್ಣಾರೆ ನೋಡಿ. ಹ್ಯಾಮರ್ ಎತ್ತಿಟ್ಟು ಸಿಲಿಂಡರ್ ಅಲ್ಲಾಡಿಸಿ, ಒಂದೊಂದು ಮನೆಗೂ ಇದನ್ನೇ ಮಾಡಿ. ನಳಿಗೆಯೊಳಗೆ ಟಾರ್ಚ್ ಬಿಡಿ. ಸ್ಕ್ರೂ ತಲೆ ಕಿತ್ತುಹೋಗಿದ್ದರೆ ಯಾರೋ ಒಳಗೆ ಕೈ ಹಾಕಿದ್ದಾರೆ ಅಂತಲೇ ಲೆಕ್ಕ. ನಂಬಿಕೆ ಇಲ್ವಾ ಅಂತ ಕೇಳಿದರೆ ಇಲ್ಲ ಅನ್ನಿ. ಮಾರೋರು ಬರೆದು ಕೊಟ್ಟ ಮೇಲೆ ಹೇಗೂ 45 ದಿನ ಕಾಯಲೇಬೇಕು, ಅಷ್ಟರಲ್ಲಿ ರಿಪೇರಿಯವರನ್ನು ಅವರ ಮನೆಗೇ ಕರೆದುಕೊಂಡು ಹೋಗಿ ತೋರಿಸಿ, ಆಮೇಲೆ ದುಡ್ಡು ಕೊಡಿ. ನಾನು ಮೊದಲ ದಿನವೇ ಪೂರ್ತಿ ಎಣಿಸಿ ಕೊಟ್ಟಿದ್ದೆ.