ಡಬ್ಬದ ಮೇಲೆ 3600, ನನ್ನ ಪಿಸಿಯಲ್ಲಿ 3200: ಮೂರೂವರೆ ವರ್ಷ ಬಳಸಿದ ರ‍್ಯಾಮ್ ಬಗ್ಗೆ

ಈ ರ‍್ಯಾಮ್‌ಗೆ ನಾನು ಎರಡು ಸಲ ದುಡ್ಡು ಸುರಿದಿದ್ದೇನೆ. 2022ರ ಜೂನ್‌ನಲ್ಲಿ 8 ಜಿಬಿಯ ಎರಡು ಸ್ಟಿಕ್, 2023ರ ನವೆಂಬರ್‌ನಲ್ಲಿ ಇನ್ನೆರಡು. ಎರಡೂ ಸಲ ಅದೇ ಕಂಪನಿ, ಅದೇ ಮಾಡೆಲ್ ನಂಬರ್, ಅದೇ ಕಪ್ಪು ಕವಚ. ಮೊದಲ ಜೋಡಿಯ ಬಗ್ಗೆ ಕೇಳಿದ್ದರೆ ಕಣ್ಣು ಮುಚ್ಚಿ ಐದು ಸ್ಟಾರ್ ಕೊಡುತ್ತಿದ್ದೆ. ಎರಡನೇ ಜೋಡಿ ಬಂದ ಮೇಲೆ ಎರಡು ತಿಂಗಳು ನಿದ್ದೆಗೆಟ್ಟೆ. ಕಂಪನಿ ಹೆಸರು ಬರೆಯುತ್ತಿಲ್ಲ. ಯಾಕಂದ್ರೆ ನನಗೆ ಆದದ್ದು ಯಾವ ಕಂಪನಿಯ ಸ್ಟಿಕ್ ಹಾಕಿಕೊಂಡವರಿಗೂ ಆಗಬಹುದು.

ಪಿಸಿ ವಿವರ ಹೇಳಿಬಿಡುತ್ತೇನೆ. ಎಎಂಡಿ ಕಂಪನಿಯ ರೈಜೆನ್ 5 5600 ಪ್ರೊಸೆಸರ್, ನಾಲ್ಕು ರ‍್ಯಾಮ್ ಸ್ಲಾಟ್ ಇರುವ ಬಿ550 ಮದರ್‌ಬೋರ್ಡ್, ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್. ಹಗಲು ಮದುವೆ ವಿಡಿಯೊ ಎಡಿಟಿಂಗ್, ರಾತ್ರಿ ಗೇಮ್. ಪಿಸಿ ಇರುವುದು ಬಳ್ಳಾರಿಯಲ್ಲಿ, ಮಹಡಿ ಮೇಲಿನ ರೂಮಿನಲ್ಲಿ, ಎಸಿ ಇಲ್ಲ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಒಂದೂವರೆ ವರ್ಷದ ಬಗ್ಗೆ ಹೇಳೋಕೆ ಹೆಚ್ಚೇನೂ ಇಲ್ಲ. ಸ್ಟಿಕ್ ಹಾಕಿದೆ, ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ಎಕ್ಸ್‌ಎಂಪಿ (ಡಬ್ಬದ ಮೇಲಿನ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿದೆ, ಮುಗೀತು. ಇದನ್ನು ಆನ್ ಮಾಡದೆ ವರ್ಷಗಟ್ಟಲೆ ಬಳಸುವವರು ಬಹಳ ಜನ ಇದ್ದಾರೆ. ಡಬ್ಬದ ಮೇಲೆ 3600 ಅಂತ ಇದ್ದರೂ ಬೋರ್ಡ್ ತಾನಾಗಿಯೇ ಆ ವೇಗಕ್ಕೆ ಹೋಗುವುದಿಲ್ಲ. ನನ್ನದು ಮೊದಲು 2666ರಲ್ಲಿ ಓಡುತ್ತಿತ್ತು. ಅಂದಹಾಗೆ, ಅಂಗಡಿಯಲ್ಲಿ 3600 ಮೆಗಾಹರ್ಟ್ಸ್ ಅಂತಾರಲ್ಲ, ಅದರ ಗಡಿಯಾರ ನಿಜವಾಗಿ ಬಡಿಯುವುದು 1800ಕ್ಕೆ. ಪ್ರತಿ ಬಡಿತಕ್ಕೆ ಎರಡು ಸಲ ಡೇಟಾ ಕಳಿಸುತ್ತದೆ, ಹಾಗಾಗಿ 3600.

ವಿಡಿಯೊ ಫೈಲ್‌ಗಳು ದೊಡ್ಡದಾಗುತ್ತಾ ಹೋದವು, 16 ಜಿಬಿ ಸಾಲದಾಯಿತು. ಹಳೆ ಜೋಡಿ ಮಾರಿ ದೊಡ್ಡದು ತಗೊಳ್ಳೋ ಬದಲು ಖಾಲಿ ಇರೋ ಎರಡು ಸ್ಲಾಟ್ ತುಂಬಿಸಿದರಾಯ್ತು ಅಂದುಕೊಂಡೆ. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡ್‌ನಲ್ಲಿ ಅದೇ ಮಾಡೆಲ್ ಸಿಕ್ಕಿತು. ಮನೆಗೆ ಬಂದು ಹಾಕಿದೆ. 32 ಜಿಬಿ, 3600. ಖುಷಿಯೋ ಖುಷಿ.

ಮೂರನೇ ದಿನ ಶುರುವಾಯಿತು. ಗೇಮ್‌ನಲ್ಲಿ ಗಾಡಿ ಓಡಿಸುತ್ತಿದ್ದೆ. ಪರದೆ ಹಾಗೇ ನಿಂತಿತು, ಸದ್ದು ಮಾತ್ರ ಟರ್ರ್ ಅಂತ ಎಳೆಯಿತು, ಆಮೇಲೆ ಸೀದಾ ಡೆಸ್ಕ್‌ಟಾಪ್. ಎರರ್ ಮೆಸೇಜೂ ಇಲ್ಲ. ಮರುದಿನ ನೀಲಿ ಪರದೆ, ಅದರಲ್ಲಿ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಬರೆದಿತ್ತು. ಅದರ ಮರುದಿನ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್. ದಿನಕ್ಕೊಂದು ಹೆಸರು. ಆಗ ನನಗೆ ಹೊಳೆಯಲಿಲ್ಲ, ಈಗ ಗೊತ್ತು. ಒಂದೇ ಡ್ರೈವರ್ (ಪಿಸಿಯ ಒಂದು ಭಾಗವನ್ನು ನಡೆಸುವ ಸಾಫ್ಟ್‌ವೇರ್) ತಪ್ಪಿದ್ದರೆ ಸಾಮಾನ್ಯವಾಗಿ ಅದೇ ಎರರ್ ಮತ್ತೆ ಮತ್ತೆ ಬರುತ್ತದೆ. ದಿನಕ್ಕೊಂದು ವೇಷ ಹಾಕಿಕೊಂಡು ಬಂದರೆ ಮೊದಲು ರ‍್ಯಾಮ್ ಕಡೆ ನೋಡಬೇಕು.

ನಾನು ನೋಡಿದ್ದು ಉಳಿದೆಲ್ಲ ಕಡೆ. ಗೇಮ್ ಬೈದೆ. ಗ್ರಾಫಿಕ್ಸ್ ಡ್ರೈವರ್ ಕಿತ್ತು ಹಾಕಿದೆ. ಅಂಗಡಿಗೆ ಫೋನ್ ಮಾಡಿದರೆ "ಸರ್, ವಿಂಡೋಸ್ ಹೊಸದಾಗಿ ಹಾಕಿ ನೋಡಿ" ಅಂದರು. ಹಾಕಿದೆ. ರಾತ್ರಿ ಜೊತೆಗೆ ಆಡುವ ಹುಡುಗರಿಗೆ ಇದೇ ತಮಾಷೆ ಆಯಿತು. ನಾನು ವಾಪಸ್ ಸೇರಿದ ಕೂಡಲೇ "ಲೇ ದೋಸ್ತ, ಮತ್ತ ಬಿದ್ದೇನಲೇ?"

ಕಣ್ಣು ತೆರೆಸಿದ್ದು ಗೇಮ್ ಅಲ್ಲ, ಒಂದು ಜಿಪ್ ಫೈಲ್. ಗಿರಾಕಿಯೊಬ್ಬರು ಮದುವೆ ಫೋಟೊಗಳನ್ನು ಜಿಪ್ ಮಾಡಿ ಕಳಿಸಿದ್ದರು. ಬಿಚ್ಚಿದರೆ ಸಿಆರ್‌ಸಿ ಎರರ್, ಅಂದರೆ ಬಿಚ್ಚಿದ ಡೇಟಾ ಮೂಲಕ್ಕೆ ತಾಳೆಯಾಗುತ್ತಿಲ್ಲ. ಇನ್ನೊಮ್ಮೆ ಬಿಚ್ಚಿದೆ, ಮತ್ತೆ ಎರರ್, ಆದರೆ ಈ ಸಲ ಬೇರೆ ಫೋಟೊದಲ್ಲಿ. ಮೂರನೇ ಸಲ ಎಲ್ಲವೂ ಸರಿಯಾಗಿ ಬಿಚ್ಚಿಕೊಂಡಿತು. ಫೈಲ್ ಅದೇ, ಡಿಸ್ಕ್ ಅದೇ. ಹಾಗಾದರೆ ನಡುದಾರಿಯಲ್ಲಿ ಯಾರೋ ಕಲಬೆರಕೆ ಮಾಡುತ್ತಿದ್ದಾರೆ. ಹೆದರಿಕೆ ಆಗಿದ್ದು ಆವಾಗಲೇ. ಗೇಮ್ ಬಿದ್ದರೆ ಮತ್ತೆ ಎಬ್ಬಿಸಬಹುದು. ಯಾರದೋ ಮದುವೆಯ ಫೋಟೊ ಸದ್ದಿಲ್ಲದೆ ಕೆಟ್ಟು ಸೇವ್ ಆದರೆ?

ಅವತ್ತೇ ರಾತ್ರಿ ಪೆನ್‌ಡ್ರೈವ್‌ಗೆ ಮೆಮ್‌ಟೆಸ್ಟ್86 ಅನ್ನೋ ಮೆಮೊರಿ ಪರೀಕ್ಷೆಯ ಪ್ರೋಗ್ರಾಂ ಹಾಕಿ ಓಡಿಸಿ ಮಲಗಿದೆ. ಉಚಿತ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ, 32 ಜಿಬಿಗೆ ಹೆಚ್ಚುಕಡಿಮೆ ರಾತ್ರಿಯೆಲ್ಲಾ ಬೇಕು. ಬೆಳಿಗ್ಗೆ ಎದ್ದು ನೋಡಿದರೆ ಹಸಿರು ಪಾಸ್. ಒಂದೂ ತಪ್ಪಿಲ್ಲ. ಅಂದರೆ ರ‍್ಯಾಮ್ ಸರಿ ಇದೆ ಅಂತ ಬೋರ್ಡನ್ನು ಬೈಯಲು ಶುರು ಮಾಡಿದೆ. ಅವತ್ತೇ ಸಂಜೆ ಗೇಮ್ ಮತ್ತೆ ಬಿತ್ತು.

ಇಲ್ಲೇ ಬಹಳ ಜನ ದಾರಿ ತಪ್ಪುತ್ತಾರೆ ಅನ್ನಿಸುತ್ತದೆ. ಅದು ಡಿಸೆಂಬರ್ ರಾತ್ರಿ, ರೂಮು ತಂಪಾಗಿತ್ತು. ಮೆಮ್‌ಟೆಸ್ಟ್ ಓಡುವಾಗ ಗ್ರಾಫಿಕ್ಸ್ ಕಾರ್ಡ್‌ಗೆ ಕೆಲಸವೇ ಇಲ್ಲ, ಅದೂ ತಣ್ಣಗಿರುತ್ತದೆ. ಗೇಮ್ ಆಡುವಾಗ ಹಾಗಲ್ಲ. ಕಾರ್ಡ್ ಊದುವ ಬಿಸಿ ಗಾಳಿ ನೇರ ಮೇಲಕ್ಕೆ ಬಂದು ಸ್ಟಿಕ್‌ಗಳಿಗೇ ಹೊಡೆಯುತ್ತದೆ. ರ‍್ಯಾಮ್‌ನ ಒಂದೊಂದು ಕೋಶವೂ ತೂತು ಬಿದ್ದ ಕೊಡ ಇದ್ದ ಹಾಗೆ. ಅದರಲ್ಲಿ ತುಂಬಿಟ್ಟ ಚಾರ್ಜ್ ಸೋರುತ್ತಲೇ ಇರುತ್ತದೆ. ಅದಕ್ಕೇ ಡಿಡಿಆರ್4ನಲ್ಲಿ (ನನ್ನ ಸ್ಟಿಕ್‌ಗಳ ತಲೆಮಾರು) ಪ್ರತಿ 64 ಮಿಲಿಸೆಕೆಂಡಿಗೆ ಒಮ್ಮೆ ಎಲ್ಲ ಕೊಡಗಳನ್ನೂ ಮತ್ತೆ ತುಂಬಿಸುವ ಏರ್ಪಾಡು ಇದೆ. ಬಿಸಿ ಏರಿದಷ್ಟೂ ಸೋರುವುದು ಜಾಸ್ತಿ. ವೇಗವನ್ನು ತುದಿಗೆ ಎಳೆದು ಇಟ್ಟಿದ್ದರೆ, ತಣ್ಣಗಿದ್ದಾಗ ಪಾಸಾದ ಸ್ಟಿಕ್ ಬಿಸಿಯಲ್ಲಿ ತಪ್ಪು ಮಾಡುತ್ತದೆ.

ನನ್ನ ಸ್ಟಿಕ್‌ಗಳಲ್ಲಿ ತಾಪಮಾನ ತೋರಿಸುವ ಸೆನ್ಸರ್ ಇಲ್ಲ. ಇದರ ನಂತರದ ತಲೆಮಾರಾದ ಡಿಡಿಆರ್5ನಲ್ಲಿ ಇರುತ್ತದೆ, ಅದೊಂದು ಒಳ್ಳೆಯ ಕೆಲಸ ಮಾಡಿದ್ದಾರೆ. ನಾನು ಗೇಮ್ ಬಿದ್ದ ಕೂಡಲೇ ಕ್ಯಾಬಿನೆಟ್ ಬಾಗಿಲು ತೆಗೆದು ಬೆರಳಿಟ್ಟೆ. ಹೊರಗಿನ ಸ್ಟಿಕ್ ಬೆಚ್ಚಗಿತ್ತು. ನಡುವಿನ ಎರಡರ ಮೇಲೆ ಬೆರಳು ನಿಲ್ಲಲಿಲ್ಲ. ನಾಲ್ಕೂ ಸ್ಲಾಟ್ ತುಂಬಿದ ಮೇಲೆ ನಡುವೆ ಗಾಳಿ ಆಡಲು ಜಾಗವೇ ಇರಲಿಲ್ಲ.

ಆಮೇಲೆ ವಿಂಡೋಸ್ ಒಳಗೇ ಓಡುವ ಇನ್ನೊಂದು ಮೆಮೊರಿ ಪರೀಕ್ಷೆ, ಟೆಸ್ಟ್‌ಮೆಮ್5 ಹಾಕಿದೆ. ಅದೊಂದನ್ನೇ ಓಡಿಸಿದಾಗ 40 ನಿಮಿಷಕ್ಕೆ ಮೊದಲ ತಪ್ಪು. ಪಕ್ಕದಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೂ ಪೂರ್ತಿ ಕೆಲಸ ಕೊಟ್ಟಾಗ ಆರೇ ನಿಮಿಷ. ಕಳ್ಳ ಸಿಕ್ಕಿಬಿದ್ದ.

ಹೊಸ ಜೋಡಿ ಕೆಟ್ಟಿದೆ, ವಾರಂಟಿಗೆ ಕಳಿಸೋಣ ಅಂತ ಅದನ್ನೊಂದೇ ಹಾಕಿ ಟೆಸ್ಟ್ ಮಾಡಿದೆ. 3600ರಲ್ಲಿ ಒಂದೂ ತಪ್ಪಿಲ್ಲ. ಹಳೆ ಜೋಡಿಯೊಂದನ್ನೇ ಹಾಕಿದೆ, ಅದೂ ಸರಿ. ನಾಲ್ಕೂ ಸೇರಿದರೆ ಮಾತ್ರ ಜಗಳ. ಪಿಸಿ ಭಾಗಗಳ ವಿವರ ತೋರಿಸುವ ಸಿಪಿಯು-ಝಡ್‌ನಲ್ಲಿ ನೋಡಿದರೆ ಎರಡು ಜೋಡಿಗಳ ಒಳಗಿನ ಚಿಪ್ ತಯಾರಕರೇ ಬೇರೆ ಬೇರೆ! ಹೊರಗೆ ಅದೇ ಅಂಗಿ, ಒಳಗೆ ಬೇರೆ ಆಳು. ಇದು ಮೋಸವೇನಲ್ಲ. ಡಬ್ಬದ ಮೇಲೆ ಬರೆದ ವೇಗ ಆ ಡಬ್ಬದೊಳಗಿನ ಜೋಡಿಗೆ ಮಾತ್ರ. ಎರಡು ಡಬ್ಬ ಸೇರಿಸಿದರೆ ನಾಲ್ಕರ ಕಿಟ್ ಆಗುವುದಿಲ್ಲ. ಇನ್ನೊಂದು ವಿಷಯ, ಈ ಪ್ರೊಸೆಸರ್‌ಗೆ ಎಎಂಡಿ ಹೇಳಿರುವ ಮೆಮೊರಿ ವೇಗವೇ ಎರಡು ಸ್ಟಿಕ್‌ಗೆ 3200, ನಾಲ್ಕು ಹಾಕಿದರೆ ಅದಕ್ಕಿಂತ ಕಡಿಮೆ. ಅದರ ಮೇಲೆ ಹೋಗುವುದೆಲ್ಲ ಓವರ್‌ಕ್ಲಾಕ್. ಎಕ್ಸ್‌ಎಂಪಿ ಕೂಡ ಓವರ್‌ಕ್ಲಾಕೇ. ಬಟನ್ ಒತ್ತೋದು ಸುಲಭ ಅಂತ ನಮಗೆ ಹಾಗೆ ಅನ್ನಿಸುವುದಿಲ್ಲ, ಅಷ್ಟೆ.

ಸರಿ, ಸೆಟ್ಟಿಂಗ್ ಬದಲಿಸಿ ನೋಡೋಣ ಅಂತ ಕೂತೆ. ಡಿಡಿಆರ್4ನ ಮಾಮೂಲಿ ವೋಲ್ಟೇಜ್ 1.2. ಎಕ್ಸ್‌ಎಂಪಿ ಹಾಕಿದಾಗ ಇದು 1.35ಕ್ಕೆ ಹೋಗುತ್ತದೆ. ನಾನು 1.38 ಮಾಡಿದೆ. ತಪ್ಪು ಬರುವುದು ತಡವಾಯಿತು, ನಿಲ್ಲಲಿಲ್ಲ. ವೋಲ್ಟೇಜ್ ಏರಿಸಿದರೆ ಬಿಸಿಯೂ ಏರುತ್ತದೆ, ನನ್ನ ಕಾಯಿಲೆಗೆ ಅದು ಮದ್ದಲ್ಲ. ಮತ್ತೆ 1.35ಕ್ಕೆ ಇಳಿಸಿ ವೇಗ 3466 ಮಾಡಿದೆ. ಎರಡು ಗಂಟೆ ತಡೆಯಿತು, ಆಮೇಲೆ ಒಂದು ತಪ್ಪು. ಒಂದೇ ಅಲ್ವಾ ಅಂತ ಬಿಡುವ ಹಾಗಿಲ್ಲ. ಆ ಒಂದು ಯಾರ ಮದುವೆ ಫೋಟೊದ ಮೇಲೆ ಬೀಳುತ್ತದೋ ಯಾರಿಗೆ ಗೊತ್ತು.

ನಡುವೆ ಒಂದು ದಿನ ದುರಾಸೆ ಬಂತು. ಟೈಮಿಂಗ್‌ಗಳನ್ನು (ಒಂದೊಂದು ಕೆಲಸಕ್ಕೂ ಮೆಮೊರಿ ಎಷ್ಟು ಬಡಿತ ಕಾಯಬೇಕು ಅನ್ನುವ ಅಂಕಿಗಳು) ಕೈಯಾರೆ ಬಿಗಿ ಮಾಡಿ ಸೇವ್ ಮಾಡಿದೆ. ಪಿಸಿ ಆನ್ ಆಯಿತು, ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಆಫ್ ಆಗಿ ಮತ್ತೆ ಆನ್. ಮೂರು ಸಲ ಹೀಗೇ. ಕೆಳಗಿಂದ ಅಮ್ಮ "ಊಟಕ್ ಬರ್ತೀಯೋ ಇಲ್ವೋ" ಅಂತ ಕೂಗುತ್ತಿದ್ದಾರೆ. ನಾನು ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ, ಅದರ ಕೆಳಗೆ ಅಡಗಿ ಕೂತ ನಾಣ್ಯದಂಥ ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸುತ್ತಿದ್ದೇನೆ. ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿದರೆ ಬಯಾಸ್ ಮೊದಲಿನಂತಾಗುತ್ತದೆ. ಏನೂ ಸುಟ್ಟಿರುವುದಿಲ್ಲ, ಗಾಬರಿ ಬೇಡ. ಪವರ್ ಕೇಬಲ್ ಮಾತ್ರ ಮೊದಲೇ ಕಿತ್ತಿಡಿ.

ಕೊನೆಗೆ ನಿಂತದ್ದು ಇಲ್ಲಿ: ಎಕ್ಸ್‌ಎಂಪಿ ಆನ್, ಆಮೇಲೆ ಉಳಿದದ್ದು ಕೈಯಾರೆ. ವೇಗ 3200. ಟೈಮಿಂಗ್ 16-20-20-38. ವೋಲ್ಟೇಜ್ 1.35, ಎಸ್‌ಒಸಿ (ಪ್ರೊಸೆಸರ್‌ನಲ್ಲಿ ಮೆಮೊರಿ ನೋಡಿಕೊಳ್ಳುವ ಭಾಗ) ವೋಲ್ಟೇಜ್ 1.1. ಗ್ರಾಫಿಕ್ಸ್ ಕಾರ್ಡ್‌ಗೂ ಕೆಲಸ ಕೊಟ್ಟು ಆರು ಗಂಟೆ ಟೆಸ್ಟ್‌ಮೆಮ್5 ಓಡಿಸಿದೆ. ಸೊನ್ನೆ ತಪ್ಪು. ಜೊತೆಗೆ ಕ್ಯಾಬಿನೆಟ್ ಮೇಲ್ಭಾಗಕ್ಕೆ ಒಂದು ಫ್ಯಾನ್ ಹಾಕಿಸಿದೆ.

3600 ಬಿಟ್ಟು 3200ಕ್ಕೆ ಇಳಿದರೆ ನಷ್ಟ ಅಲ್ವಾ ಅಂತ ಕೇಳಬಹುದು. ಕಾಗದದ ಮೇಲೆ ಹೌದು. ಪ್ರೊಸೆಸರ್‌ಗೆ ಡೇಟಾ ಹೋಗುವ ಎರಡು ದಾರಿ (ಚಾನೆಲ್) ಸೇರಿ ಸೆಕೆಂಡಿಗೆ 57.6 ಜಿಬಿ ಇದ್ದದ್ದು 51.2 ಆಗುತ್ತದೆ. ಆದರೆ ಕಾಯುವ ಹೊತ್ತು ಬದಲಾಗುವುದಿಲ್ಲ. 3600ರಲ್ಲಿ ಸಿಎಲ್ (ಟೈಮಿಂಗ್‌ನ ಮೊದಲ ಅಂಕಿ) 18 ಅಂದರೆ 10 ನ್ಯಾನೊಸೆಕೆಂಡ್. 3200ರಲ್ಲಿ ಸಿಎಲ್ 16 ಅಂದರೂ ಅದೇ 10. ನಾನು ಆಡುವ ಗೇಮ್‌ನಲ್ಲಿ ಸೆಕೆಂಡಿಗೆ ಸರಾಸರಿ 94 ಫ್ರೇಮ್ ಬರುತ್ತಿದ್ದದ್ದು 91 ಆಯಿತು. ಆ ಮೂರು ಫ್ರೇಮ್‌ಗಾಗಿ ನಾನು ಎರಡು ತಿಂಗಳು ಬೈಸಿಕೊಂಡಿದ್ದೆ.

ಇದಕ್ಕೆ ಸಂಬಂಧವಿಲ್ಲದ ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. 32 ಜಿಬಿ ಇದೆಯಲ್ಲ, ಇನ್ಯಾಕೆ ಅಂತ ಯಾವುದೋ ವಿಡಿಯೊ ನೋಡಿ ವಿಂಡೋಸ್‌ನ ಪೇಜ್ ಫೈಲ್ (ಮೆಮೊರಿ ಸಾಲದಾದಾಗ ಬಳಸಲು ಡಿಸ್ಕ್‌ನಲ್ಲಿ ಇಡುವ ಜಾಗ) ಆಫ್ ಮಾಡಿದ್ದೆ. ಎಡಿಟಿಂಗ್ ಸಾಫ್ಟ್‌ವೇರ್ ತೆರೆದಿಟ್ಟೇ ಗೇಮ್ ಹಾಕಿದರೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ರ‍್ಯಾಮ್ ಇನ್ನೂ ಖಾಲಿ ತೋರಿಸುತ್ತಿದ್ದರೂ ಗೇಮ್ ಮುಚ್ಚಿಕೊಳ್ಳುತ್ತಿತ್ತು. ಪ್ರೋಗ್ರಾಂಗಳು ಬಳಸದಿದ್ದರೂ ಮೊದಲೇ ಜಾಗ ಕಾದಿರಿಸುತ್ತವೆ. ಆ ಲೆಕ್ಕ ರ‍್ಯಾಮ್ ಮತ್ತು ಪೇಜ್ ಫೈಲ್ ಎರಡನ್ನೂ ಸೇರಿಸಿ ನಡೆಯುತ್ತದೆ. ಅದನ್ನು ಮತ್ತೆ ವಿಂಡೋಸ್‌ಗೇ ಬಿಟ್ಟೆ, ಆ ತೊಂದರೆ ಹೋಯಿತು. ನಿಮ್ಮದು 8 ಜಿಬಿ ಪಿಸಿ ಆಗಿದ್ದು ಗೇಮ್ ಬೀಳುತ್ತಿದ್ದರೆ ಮೊದಲು ಇದನ್ನೇ ನೋಡಿ. ಬಯಾಸ್ ಆಮೇಲೆ.

3200ಕ್ಕೆ ಬಂದದ್ದು 2024ರ ಜನವರಿಯಲ್ಲಿ. ಅಲ್ಲಿಂದ ಎರಡು ಬಳ್ಳಾರಿ ಬೇಸಿಗೆ ದಾಟಿದೆ. ಏಪ್ರಿಲ್ ಮಧ್ಯಾಹ್ನ ನನ್ನ ರೂಮಿನಲ್ಲಿ ಮನುಷ್ಯರೇ ಕೂರಲಾರರು, ಆದರೂ ಸ್ಟಿಕ್‌ಗಳು ಕೂತಿವೆ. ಒಂದೂ ನೀಲಿ ಪರದೆ ಬಂದಿಲ್ಲ. ಒಂದು ಸಲ ಮಾತ್ರ ಗೇಮ್ ತಡವರಿಸತೊಡಗಿತು. ನೋಡಿದರೆ ಹಿಂದಿನ ದಿನ ಬಯಾಸ್ ಅಪ್‌ಡೇಟ್ ಮಾಡಿದ್ದೆ, ಅದು ಎಲ್ಲ ಸೆಟ್ಟಿಂಗ್ ಅಳಿಸಿ 2666ಕ್ಕೆ ಇಳಿಸಿತ್ತು. ಮತ್ತೆ ಹಾಕಿದೆ.

ಸ್ಟಾರ್ ಲೆಕ್ಕ ಹೇಳಬೇಕಲ್ಲ. ಎರಡು ಸ್ಟಿಕ್ ಮಾತ್ರ ಹಾಕುವವರಿಗೆ ಐದಕ್ಕೆ ನಾಲ್ಕೂವರೆ. ನಾಲ್ಕು ಹಾಕುವವರಿಗೆ ಮೂರು, ಅದೂ ಸೆಟ್ಟಿಂಗ್ ಮುಟ್ಟುವ ಧೈರ್ಯ ಇದ್ದರೆ. ಹೊಸದಾಗಿ ಕೊಳ್ಳುವವರು 32 ಬೇಕಾದರೆ 16ರ ಎರಡು ಸ್ಟಿಕ್ ಇರುವ ಒಂದೇ ಡಬ್ಬ ಕೊಳ್ಳಿ. ನಾನೂ ಹಾಗೇ ಬದಲಿಸೋಣ ಅಂದುಕೊಂಡಿದ್ದೆ, ಅಷ್ಟರಲ್ಲಿ 2025ರ ಕೊನೆಗೆ ರ‍್ಯಾಮ್ ಬೆಲೆ ಗಗನಕ್ಕೆ ಹೋಯಿತು. ಸದ್ಯಕ್ಕೆ ಇವೇ ನಾಲ್ಕು.

ಕ್ಯಾಬಿನೆಟ್ ಬಾಗಿಲ ಒಳಮೈಗೆ ಒಂದು ಚೀಟಿ ಅಂಟಿಸಿದ್ದೇನೆ: 3200, 16-20-20-38, 1.35, 1.1. ಅದರ ಕೆಳಗೆ ನನ್ನ ತಮ್ಮ ಕೆಂಪು ಪೆನ್ನಿನಲ್ಲಿ "ಅಣ್ಣಾ, ಇನ್ನು ಮುಟ್ಟಬೇಡ" ಅಂತ ಬರೆದಿದ್ದಾನೆ.